ಸಿಲಿಕಾನ್ ಚಿಪ್ಪಿನಲ್ಲಿ ಒಂಟಿ ಫೋಟಾನ್

ಪ್ರೌಢಶಾಲೆಯ ಬೆಳಕಿನ ಪಾಠ ಸಾಮಾನ್ಯವಾಗಿ ನೀರಿನಲ್ಲಿ ಅದ್ದಿದ ಪೆನ್ಸಿಲ್ಲಿನಿಂದ ಆರಂಭವಾಗಿ, ವಕ್ರೀಭವನದ ನಿಯಮಗಳನ್ನು ಹಾದು, ಸಂಪೂರ್ಣ ಆಂತರಿಕ ಪ್ರತಿಫಲನಕ್ಕೂ ಆಪ್ಟಿಕಲ್ ಫೈಬರಿಗೂ ಬಂದು ಮುಗಿಯುತ್ತದೆ. ಪಾಠ ಮುಗಿದ ಎಡೆಯಿಂದಲೇ ಇಂದಿನ ಒಂದು ಮಹತ್ವದ ತಂತ್ರಜ್ಞಾನ ಆರಂಭವಾಗುತ್ತದೆ ಎಂಬುದು ಅನೇಕ ಶಿಕ್ಷಕರ ಗಮನಕ್ಕೆ ಬಂದಿರಲಾರದು. ಉಗುರಿನಷ್ಟು ಅಗಲದ ಸಿಲಿಕಾನ್ ತುಣುಕಿನ ಮೇಲೆ ಬೆಳಕಿಗೆ ಕಾಲುವೆಗಳನ್ನು ಕೊರೆದು, ಅವುಗಳಲ್ಲಿ ಒಂದೊಂದೇ ಫೋಟಾನನ್ನು ಹರಿಯಬಿಟ್ಟು, ಆ ಮೂಲಕ ಗುಪ್ತಸಂದೇಶ ಕಳುಹಿಸುವ ಹಾಗೂ ಲೆಕ್ಕ ಮಾಡುವ ಪ್ರಯತ್ನ ಜಗತ್ತಿನ ಹಲವು ಪ್ರಯೋಗಾಲಯಗಳಲ್ಲಿ ನಡೆದಿದೆ.

ಪತ್ರಿಕೆಗಳಲ್ಲಿ ಈ ವಿಷಯ ಬಂದಾಗ "ಕ್ವಾಂಟಂ ಕಂಪ್ಯೂಟರ್ ಎಲ್ಲ ಲೆಕ್ಕಗಳನ್ನೂ ಏಕಕಾಲಕ್ಕೆ ಮಾಡುತ್ತದೆ", "ಒಂದು ಕಣ ಎರಡು ಕಡೆ ಇರುತ್ತದೆ" ಎಂಬಂತಹ ಮಾತುಗಳು ಕಾಣುತ್ತವೆ. ಅವನ್ನು ಓದಿದ ವಿದ್ಯಾರ್ಥಿ ತರಗತಿಯಲ್ಲಿ ಪ್ರಶ್ನೆ ಕೇಳುತ್ತಾನೆ. ಆಗ ಅದೇ ಮಾತನ್ನು ಮರಳಿ ಹೇಳಿದರೆ ಕೌತುಕ ಉಳಿಯುತ್ತದೆ, ತಿಳಿವಳಿಕೆ ಉಂಟಾಗುವುದಿಲ್ಲ. ನಿಜದಲ್ಲಿ ಈ ಕ್ಷೇತ್ರದ ಬಹುಪಾಲು ಶ್ರಮ ಒಂದು ಸರಳ ಸಂಗತಿಯ ಸುತ್ತ ಇದೆ: ಹಾದಿಯಲ್ಲಿ ಫೋಟಾನ್ ಕಳೆದುಹೋಗಬಾರದು. ಅದೇಕೆ ಅಷ್ಟು ಕಷ್ಟ ಎಂಬುದನ್ನು ಹತ್ತನೆಯ ತರಗತಿಯ ಗಣಿತದಿಂದಲೇ ತೋರಿಸಬಹುದು.

ಕಣ್ಣಿಗೆ ಅಪಾರದರ್ಶಕ, ಅವಕೆಂಪಿಗೆ ಪಾರದರ್ಶಕ

ಶುದ್ಧ ಸಿಲಿಕಾನ್ ಹೊಳೆಯುವ ಬೂದುಬಣ್ಣದ ಹರಳು. ನೋಡಿದರೆ ಲೋಹವೆನಿಸುತ್ತದೆ; ಅದರ ಮೂಲಕ ಏನೂ ಕಾಣುವುದಿಲ್ಲ. ಇಂತಹ ವಸ್ತುವಿನೊಳಗೆ ಬೆಳಕು ಹರಿಯುವುದಾದರೂ ಹೇಗೆ?

ಅರೆವಾಹಕದಲ್ಲಿ ಇಲೆಕ್ಟ್ರಾನೊಂದು ಬಂಧನದಿಂದ ಬಿಡಿಸಿಕೊಂಡು ಮೇಲಿನ ಪಟ್ಟಿಗೆ ಏರಬೇಕಾದರೆ ಒಂದು ಕನಿಷ್ಠ ಶಕ್ತಿ ಬೇಕು. ಸಿಲಿಕಾನಿನಲ್ಲಿ ಅದು ಸುಮಾರು 1.12 ಇಲೆಕ್ಟ್ರಾನ್ ವೋಲ್ಟ್. ಇದಕ್ಕಿಂತ ಹೆಚ್ಚು ಶಕ್ತಿಯ ಫೋಟಾನ್ ಬಂದರೆ ಇಲೆಕ್ಟ್ರಾನ್ ಅದನ್ನು ಹೀರಿಕೊಳ್ಳುತ್ತದೆ. ಕಡಿಮೆ ಶಕ್ತಿಯದು ಬಂದರೆ ಹೀರಿಕೊಳ್ಳಲಾಗದೆ ಬಿಟ್ಟುಬಿಡುತ್ತದೆ. ಫೋಟಾನಿನ ಶಕ್ತಿಯನ್ನು ತಿಳಿಯಲು 1240 ಎಂಬ ಸಂಖ್ಯೆಯನ್ನು ನ್ಯಾನೊಮೀಟರಿನಲ್ಲಿ ಹೇಳಿದ ತರಂಗದೂರದಿಂದ ಭಾಗಿಸಿದರೆ ಸಾಕು. ಉತ್ತರ ಇಲೆಕ್ಟ್ರಾನ್ ವೋಲ್ಟುಗಳಲ್ಲಿ ದೊರೆಯುತ್ತದೆ. 650 ನ್ಯಾನೊಮೀಟರಿನ ಕೆಂಪು ಬೆಳಕಿಗೆ ಸುಮಾರು 1.9 ಬರುತ್ತದೆ, ಸಿಲಿಕಾನ್ ಅದನ್ನು ನುಂಗುತ್ತದೆ. 1550 ನ್ಯಾನೊಮೀಟರಿನ ಅವಕೆಂಪು ಬೆಳಕಿಗೆ 0.8 ಬರುತ್ತದೆ, ಅದಕ್ಕೆ ಸಿಲಿಕಾನ್ ಗಾಜಿನಂತೆ ಪಾರದರ್ಶಕ. ಸೌರಫಲಕಗಳು ಸಿಲಿಕಾನಿನಿಂದ ಆಗಿರುವುದಕ್ಕೂ ಬೆಳಕಿನ ಕಾಲುವೆಗಳು ಸಿಲಿಕಾನಿನಿಂದ ಆಗಿರುವುದಕ್ಕೂ ಈ ಒಂದೇ ಭಾಗಾಕಾರ ಉತ್ತರ ಕೊಡುತ್ತದೆ. ದೂರದ ದೂರವಾಣಿ ಫೈಬರುಗಳಲ್ಲಿ ಬಳಸುವ ಬೆಳಕೂ ಇದೇ 1550 ನ್ಯಾನೊಮೀಟರಿನ ಆಸುಪಾಸಿನದು. ಹೀಗಾಗಿ ಚಿಪ್ಪಿನಲ್ಲಿ ಹುಟ್ಟಿದ ಫೋಟಾನ್ ಬಣ್ಣ ಬದಲಿಸದೆ ನೇರವಾಗಿ ಫೈಬರಿಗೆ ಇಳಿಯಬಲ್ಲದು.

ಬೆಳಕನ್ನು ಬಾಗಿದ ಹಾದಿಯಲ್ಲಿ ಒಯ್ಯಬಹುದೆಂದು 1840ರ ದಶಕದಲ್ಲಿ ಜಿನೀವಾದ ಡೇನಿಯಲ್ ಕೊಲಾಡನ್ ನೀರಿನ ಧಾರೆಯಲ್ಲಿ ತೋರಿಸಿದನು. 1954ರಲ್ಲಿ ಪಂಜಾಬಿನ ಮೋಗಾದಲ್ಲಿ ಜನಿಸಿದ ನರಿಂದರ್ ಸಿಂಗ್ ಕಪಾನಿಯವರು ಲಂಡನ್ನಿನಲ್ಲಿ ಹಾಪ್‌ಕಿನ್ಸ್ ಅವರೊಡನೆ ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರವನ್ನು ಸಾಗಿಸಿದ್ದನ್ನು ಪ್ರಕಟಿಸಿದರು. ಚಿಪ್ಪಿನಲ್ಲಿ ಇರುವುದೂ ಅದೇ ತತ್ತ್ವವೇ. 1550 ನ್ಯಾನೊಮೀಟರಿನಲ್ಲಿ ಸಿಲಿಕಾನಿನ ವಕ್ರೀಭವನ ಸೂಚ್ಯಂಕ ಸುಮಾರು 3.48, ಅದನ್ನು ಸುತ್ತುವರಿದ ಸಿಲಿಕಾನ್ ಡೈಆಕ್ಸೈಡಿನದು 1.44. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ ಕ್ರಾಂತಿಕೋನ ಕಂಡುಕೊಂಡರೆ ಸುಮಾರು 24 ಡಿಗ್ರಿ ಬರುತ್ತದೆ. ನೀರು ಮತ್ತು ಗಾಳಿಯ ನಡುವೆ ಅದು ಸುಮಾರು 49 ಡಿಗ್ರಿ. ಕೋನ ಇಷ್ಟು ಚಿಕ್ಕದಾದುದರಿಂದ ಸಿಲಿಕಾನ್ ಬೆಳಕನ್ನು ಬಹಳ ಬಿಗಿಯಾಗಿ ಹಿಡಿದಿಡುತ್ತದೆ. ಕಾಲುವೆಯ ಎತ್ತರ ಸಾಮಾನ್ಯವಾಗಿ 220 ನ್ಯಾನೊಮೀಟರ್, ಅಗಲ 450ರಿಂದ 500. ತಲೆಗೂದಲಿನ ದಪ್ಪದಲ್ಲಿ ಇಂತಹ ನೂರಕ್ಕೂ ಹೆಚ್ಚು ಕಾಲುವೆಗಳ ಅಗಲ ಅಡಗುತ್ತದೆ. ಕೆಲವೇ ಮೈಕ್ರೊಮೀಟರ್ ತ್ರಿಜ್ಯದ ತಿರುವಿನಲ್ಲಿಯೂ ಬೆಳಕು ಹೊರಚೆಲ್ಲದೆ ತಿರುಗುತ್ತದೆ. ಫೈಬರನ್ನು ಅಷ್ಟು ಬಗ್ಗಿಸುವುದು ಸಾಧ್ಯವಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕಾಲುವೆಯ ಅಗಲ ಸಿಲಿಕಾನಿನೊಳಗಿನ ಬೆಳಕಿನ ತರಂಗದೂರದಷ್ಟೇ ಇರುವುದರಿಂದ ಕಿರಣಗಳು ಗೋಡೆಯಿಂದ ಗೋಡೆಗೆ ಪುಟಿಯುವ ಚಿತ್ರ ಪೂರ್ತಿ ಸರಿಯಲ್ಲ. ಬೆಳಕಿನ ಅಲೆಯ ಅಂಚು ಗೋಡೆಯ ಹೊರಗೂ ತುಸು ಚಾಚಿಕೊಂಡಿರುತ್ತದೆ. ಎರಡು ಕಾಲುವೆಗಳನ್ನು ಸುಮಾರು 200 ನ್ಯಾನೊಮೀಟರಿನಷ್ಟು ಹತ್ತಿರ ತಂದರೆ ಈ ಅಂಚಿನ ಮೂಲಕ ಬೆಳಕು ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ. ಜೊತೆಯಾಗಿ ಸಾಗುವ ಉದ್ದವನ್ನು ಸರಿಯಾಗಿ ಅಳೆದಿಟ್ಟರೆ ಸರಿಯಾಗಿ ಅರ್ಧ ಬೆಳಕು ದಾಟುವಂತೆ ಮಾಡಬಹುದು. ಈ ರಚನೆಗೆ ಕಪ್ಲರ್ ಎಂದು ಹೆಸರು.

ಒಂದು ಫೋಟಾನ್, ಎರಡು ಹಾದಿ

ಕಪ್ಲರಿಗೆ ಒಂದೇ ಒಂದು ಫೋಟಾನನ್ನು ಕಳುಹಿಸಿದರೆ ಏನಾಗುವುದು? ಫೋಟಾನ್ ಒಡೆದು ಎರಡು ಅರ್ಧಗಳಾಗುವುದಿಲ್ಲ. ಎರಡೂ ಕಡೆ ಪತ್ತೆಕಾರಕ ಇಟ್ಟರೆ ಪ್ರತಿ ಸಲ ಒಂದರಲ್ಲಿ ಮಾತ್ರ ಸದ್ದಾಗುತ್ತದೆ. ಯಾವುದರಲ್ಲಿ ಎಂಬುದನ್ನು ಮುಂಚಿತವಾಗಿ ಹೇಳಲಾಗದು. ಇಲ್ಲಿಯವರೆಗೆ ಇದು ನಾಣ್ಯ ಚಿಮ್ಮಿದಂತೆಯೇ ಇದೆ.

ಈಗ ಪತ್ತೆಕಾರಕಗಳನ್ನು ತೆಗೆದು, ಎರಡೂ ಕಾಲುವೆಗಳನ್ನು ಸಮಾನ ಉದ್ದ ಸಾಗಿಸಿ, ಇನ್ನೊಂದು ಕಪ್ಲರಿನಲ್ಲಿ ಕೂಡಿಸಬೇಕು. ನಾಣ್ಯದ ಲೆಕ್ಕವೇ ಸರಿಯಾಗಿದ್ದರೆ ಫೋಟಾನ್ ಮತ್ತೆ ಅರ್ಧ ಸಲ ಇತ್ತ, ಅರ್ಧ ಸಲ ಅತ್ತ ಹೊರಬರಬೇಕು. ಹಾಗೆ ಆಗುವುದಿಲ್ಲ. ಅದು ಪ್ರತಿ ಸಲವೂ ತಾನು ಒಳಹೊಕ್ಕ ಬದಿಯ ಎದುರು ಬದಿಯಿಂದಲೇ ಹೊರಬರುತ್ತದೆ. ಇದರ ಹಿಂದಿನ ನಿಯಮ ಸರಳ: ಕಪ್ಲರಿನಲ್ಲಿ ದಾಟಿದ ಅಲೆ ಕಾಲುಭಾಗ ತರಂಗದಷ್ಟು ಹಿಂದೆ ಬೀಳುತ್ತದೆ, ನೇರ ಹೋದದ್ದು ಹಿಂದೆ ಬೀಳುವುದಿಲ್ಲ. ಎದುರು ಬದಿಗೆ ಬರುವ ಎರಡು ಬಗೆಗಳಲ್ಲಿಯೂ ಫೋಟಾನ್ ಒಂದೇ ಸಲ ದಾಟಿರುತ್ತದೆ; ಎರಡೂ ಅಲೆಗಳು ಹೊಂದಿಕೊಂಡು ಕೂಡುತ್ತವೆ. ಒಳಹೊಕ್ಕ ಬದಿಗೆ ಮರಳುವ ಎರಡು ಬಗೆಗಳಲ್ಲಿ ಒಂದರಲ್ಲಿ ದಾಟುವಿಕೆಯೇ ಇಲ್ಲ, ಇನ್ನೊಂದರಲ್ಲಿ ಎರಡು ದಾಟುವಿಕೆ. ಅಂದರೆ ಅರ್ಧ ತರಂಗದ ವ್ಯತ್ಯಾಸ. ಒಂದರ ಉಬ್ಬು ಇನ್ನೊಂದರ ತಗ್ಗಿನ ಮೇಲೆ ಬಿದ್ದು ಎರಡೂ ಅಳಿಯುತ್ತವೆ. ನಾಣ್ಯದ ಲೆಕ್ಕದಲ್ಲಿ ಸಂಭವನೀಯತೆಗಳು ಕೂಡಬಲ್ಲವೇ ಹೊರತು ಒಂದನ್ನೊಂದು ಅಳಿಸಲಾರವು. ಕ್ವಾಂಟಂ ಲೆಕ್ಕದಲ್ಲಿ ಸಾಧ್ಯತೆಗಳು ಅಲೆಗಳಂತೆ ಕೂಡುತ್ತವೆ, ಕಳೆಯುತ್ತವೆ. "ಒಂದು ಕಣ ಎರಡು ಕಡೆ ಇರುತ್ತದೆ" ಎಂಬ ಮಾತಿಗಿಂತ ಈ ವಿವರಣೆ ಹೆಚ್ಚು ಪ್ರಾಮಾಣಿಕವಾದುದು. ಮಕ್ಕಳು ಇದನ್ನು ಕಪ್ಪುಹಲಗೆಯ ಮೇಲೆ ತಾವೇ ಪರೀಕ್ಷಿಸಿ ನೋಡಬಹುದು.

ಎರಡು ಹಾದಿಗಳಲ್ಲಿ ಒಂದರ ಮೇಲೆ ಸಣ್ಣ ತಾಪಕವೊಂದನ್ನು ಇಟ್ಟರೆ ಯಂತ್ರ ಸಿದ್ಧವಾದಂತೆ. ಬಿಸಿಯಾದರೆ ಸಿಲಿಕಾನಿನ ಸೂಚ್ಯಂಕ ಪ್ರತಿ ಡಿಗ್ರಿಗೆ ಸುಮಾರು 0.00018ರಷ್ಟು ಹೆಚ್ಚುತ್ತದೆ. 100 ಮೈಕ್ರೊಮೀಟರ್ ಉದ್ದದ ತುಂಡನ್ನು ಸುಮಾರು 40 ಡಿಗ್ರಿ ಬಿಸಿಮಾಡಿದರೆ ಅದರಲ್ಲಿ ಸಾಗುವ ಅಲೆ ಅರ್ಧ ತರಂಗ ಹಿಂದೆ ಬೀಳುತ್ತದೆ. ಆಗ ಫೋಟಾನ್ ಹೊರಬರುವ ಬದಿಯೂ ಬದಲಾಗುತ್ತದೆ. ಮೇಲಿನ ಕಾಲುವೆಯಲ್ಲಿರುವ ಫೋಟಾನನ್ನು 0 ಎಂದೂ ಕೆಳಗಿನದರಲ್ಲಿರುವುದನ್ನು 1 ಎಂದೂ ಕರೆದರೆ, ತಾಪಕಗಳ ಬಿಸಿಯನ್ನು ಹೊಂದಿಸಿ ಅವೆರಡರ ಯಾವ ಮಿಶ್ರಸ್ಥಿತಿಯನ್ನಾದರೂ ಪಡೆಯಬಹುದು. ಕ್ಯೂಬಿಟ್ ಎಂಬ ಪದದ ಅರ್ಥ ಇದೇ.

ಒಂದು ಕ್ಯೂಬಿಟ್ಟಿನಿಂದ ಲೆಕ್ಕವಾಗದು. ಎರಡು ಫೋಟಾನುಗಳು ಒಂದರ ಮೇಲೊಂದು ಪ್ರಭಾವ ಬೀರಬೇಕು. ಆದರೆ ಬೆಳಕಿಗೆ ಬೆಳಕು ತಾಗುವುದಿಲ್ಲ. ಎರಡು ಟಾರ್ಚುಗಳ ಬೆಳಕು ಒಂದನ್ನೊಂದು ಹಾದು ಏನೂ ಆಗದಂತೆ ಮುಂದೆ ಹೋಗುತ್ತದೆ. ಈ ತೊಡಕಿಗೆ ದಾರಿ ತೋರಿದುದು 1987ರಲ್ಲಿ ಹಾಂಗ್, ಔ ಮತ್ತು ಮ್ಯಾಂಡೆಲ್ ಅವರು ಮಾಡಿದ ಪ್ರಯೋಗ. ಒಂದೇ ಬಗೆಯ ಎರಡು ಫೋಟಾನುಗಳನ್ನು ಅರ್ಧ ದಾಟಿಸುವ ರಚನೆಯ ಎರಡು ಬದಿಗಳಿಂದ ಒಂದೇ ಕ್ಷಣದಲ್ಲಿ ಕಳುಹಿಸಿದರೆ ಅವೆರಡೂ ಯಾವಾಗಲೂ ಜೊತೆಯಾಗಿ ಒಂದೇ ಬದಿಯಿಂದ ಹೊರಬರುತ್ತವೆ. ಕಾರಣ ಮೇಲಿನ ನಿಯಮದಲ್ಲಿಯೇ ಇದೆ. ಬೇರೆ ಬೇರೆ ಬದಿಗಳಲ್ಲಿ ಬರಬೇಕಾದರೆ ಎರಡೂ ನೇರ ಹೋಗಬೇಕು ಅಥವಾ ಎರಡೂ ದಾಟಬೇಕು. ಈ ಎರಡು ಸಾಧ್ಯತೆಗಳ ನಡುವೆ ಅರ್ಧ ತರಂಗದ ವ್ಯತ್ಯಾಸವಿದ್ದು ಅವು ಅಳಿದುಹೋಗುತ್ತವೆ. ಎರಡು ಫೋಟಾನುಗಳು ಗುರುತು ಹಿಡಿಯಲಾರದಷ್ಟು ಒಂದೇ ಆಗಿದ್ದಾಗ ಮಾತ್ರ ಹೀಗಾಗುವುದು. ಬೆಳಕಿನ ಕಣಗಳನ್ನು ಬೇರೆ ಬೇರೆಯೆಂದು ಎಣಿಸಬಾರದೆಂಬ ತಿಳಿವು 1924ರಲ್ಲಿ ಢಾಕಾದಲ್ಲಿದ್ದ ಸತ್ಯೇಂದ್ರನಾಥ ಬೋಸರಿಂದ ಬಂದದ್ದು. 2001ರಲ್ಲಿ ನಿಲ್, ಲಾಫ್ಲಾಮ್ ಮತ್ತು ಮಿಲ್ಬರ್ನ್ ಅವರು ಇಂತಹ ಕೂಡುವಿಕೆ, ಒಂಟಿ ಫೋಟಾನ್ ಮೂಲಗಳು ಮತ್ತು ಪತ್ತೆಕಾರಕಗಳು ಇದ್ದರೆ ಕ್ವಾಂಟಂ ಕಂಪ್ಯೂಟರ್ ಕಟ್ಟಲು ತತ್ತ್ವಶಃ ಸಾಕೆಂದು ತೋರಿಸಿದರು. ತತ್ತ್ವಶಃ ಎಂಬ ಮಾತಿಗೆ ಇಲ್ಲಿ ಬಹಳ ತೂಕವಿದೆ.

ಮೇಜಿನಿಂದ ಚಿಪ್ಪಿಗೆ

ಮೊದಲು ಇಂತಹ ಪ್ರಯೋಗಗಳಿಗೆ ದೊಡ್ಡ ಮೇಜಿನ ತುಂಬ ಕನ್ನಡಿ, ಮಸೂರಗಳನ್ನು ಜೋಡಿಸಬೇಕಾಗಿತ್ತು. ಒಂದು ಕನ್ನಡಿ ಕೂದಲೆಳೆಯಷ್ಟು ಅಲುಗಿದರೂ ಅಲೆಗಳ ಹೊಂದಿಕೆ ಕೆಡುತ್ತಿತ್ತು. 2008ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದ ತಂಡ ಸಿಲಿಕಾನಿನ ಮೇಲೆ ಸಿಲಿಕಾ ಕಾಲುವೆಗಳನ್ನು ಮಾಡಿ ಕ್ವಾಂಟಂ ಮಂಡಲವನ್ನು ಚಿಪ್ಪಿಗೆ ಇಳಿಸಿತು. ಮರುವರ್ಷ ಅಂತಹ ಚಿಪ್ 15ರ ಅಪವರ್ತನಗಳು 3 ಮತ್ತು 5 ಎಂದು ಕಂಡುಹಿಡಿಯಿತು. ಐದನೆಯ ತರಗತಿಯ ಮಗು ಬಾಯಿಲೆಕ್ಕದಲ್ಲಿ ಹೇಳುವ ಉತ್ತರವಿದು. ಉತ್ತರಕ್ಕಿಂತ ಅದನ್ನು ಪಡೆದ ರೀತಿಗೆ ಬೆಲೆ.

ಈ ಸಂದರ್ಭದಲ್ಲಿ ಗಡಿನಾಡಿನ ಶಿಕ್ಷಕರು ಒಂದು ಪದದ ವಿಚಾರದಲ್ಲಿ ಜಾಗರೂಕರಾಗಿರಬೇಕು. ಕನ್ನಡದ ಗಣಿತದಲ್ಲಿ ಅಪವರ್ತನವೆಂದರೆ ಒಂದು ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆ. ಮಲಯಾಳದಲ್ಲಿಯೂ ಮರಾಠಿಯಲ್ಲಿಯೂ ಬೆಳಕಿನ ವಕ್ರೀಭವನಕ್ಕೇ ಅಪವರ್ತನವೆನ್ನುತ್ತಾರೆ. ತೆಲುಗಿನಲ್ಲಿ ಕನ್ನಡದಂತೆ ವಕ್ರೀಭವನ; ತಮಿಳಿನಲ್ಲಿ ಒಳಿವಿಲಗಲ್. ಕಾಸರಗೋಡು ಅಥವಾ ಸೋಲಾಪುರದ ಮಗು ನೆರೆಯ ತರಗತಿಯ ಗೆಳೆಯನೊಡನೆ ಈ ವಿಷಯ ಮಾತನಾಡಿದರೆ, ಬೆಳಕೂ ಅಪವರ್ತನವೂ ಎರಡೂ ಬರುವ ಇದೇ ಪಾಠದಲ್ಲಿ ಗೊಂದಲವಾಗುವುದು ಖಂಡಿತ. ಎರಡು ಅರ್ಥಗಳನ್ನೂ ಹಲಗೆಯ ಮೇಲೆ ಬರೆದು ತೋರಿಸಿದರೆ ಆ ಗೊಂದಲವೇ ಒಂದು ಪಾಠವಾಗುತ್ತದೆ.

ಸಿಲಿಕಾನಿಗೆ ಒಂದು ಕೊರತೆಯಿದೆ: ಅದು ತಾನಾಗಿ ಬೆಳಕು ಬೀರುವುದರಲ್ಲಿ ಬಹಳ ದುರ್ಬಲ. ಆದುದರಿಂದ ಲೇಸರ್ ಬೆಳಕನ್ನು ಹೊರಗಿನಿಂದ ತರಬೇಕು. ಕಾಲುವೆಯೊಳಗೆ ಬಿಗಿಯಾಗಿ ಹಿಡಿಯಲ್ಪಟ್ಟ ಲೇಸರ್ ಬೆಳಕಿನ ಎರಡು ಫೋಟಾನುಗಳು ಒಮ್ಮೊಮ್ಮೆ ಅಳಿದು, ತುಸು ಹೆಚ್ಚು ಶಕ್ತಿಯದೊಂದು ಮತ್ತು ತುಸು ಕಡಿಮೆ ಶಕ್ತಿಯದೊಂದು ಹೀಗೆ ಬೇರೆ ಎರಡು ಫೋಟಾನುಗಳು ಹುಟ್ಟುತ್ತವೆ. ಒಟ್ಟು ಶಕ್ತಿ ಬದಲಾಗುವುದಿಲ್ಲ. ಅವಳಿಗಳಲ್ಲಿ ಒಂದನ್ನು ಪತ್ತೆಹಚ್ಚಿದರೆ ಇನ್ನೊಂದು ಬಂದಿದೆಯೆಂದು ತಿಳಿಯುತ್ತದೆ. ಆದರೆ ಅವಳಿಗಳು ಯಾವಾಗ ಹುಟ್ಟುತ್ತವೆ ಎಂಬುದು ನಮ್ಮ ಕೈಯಲ್ಲಿಲ್ಲ. ಲೇಸರನ್ನು ಹೆಚ್ಚಿಸಿದರೆ ಒಂದರ ಬದಲು ಎರಡು ಜೋಡಿ ಹುಟ್ಟಿ ಲೆಕ್ಕ ಕೆಡುತ್ತದೆ. ತಗ್ಗಿಸಿದರೆ ಬಹುಪಾಲು ಮಿಡಿತಗಳು ಬರಿದಾಗುತ್ತವೆ. ಅನೇಕ ಮೂಲಗಳನ್ನು ಪಕ್ಕಪಕ್ಕ ಇಟ್ಟು, ಫಲಿಸಿದ ಒಂದರ ಫೋಟಾನನ್ನು ವೇಗದ ಸ್ವಿಚ್ಚಿನಿಂದ ಆರಿಸಿಕೊಳ್ಳುವುದೇ ಈಗ ತಿಳಿದಿರುವ ಮುಖ್ಯ ಪರಿಹಾರ.

2018ರಲ್ಲಿ ಬ್ರಿಸ್ಟಲ್, ಪೀಕಿಂಗ್ ಮತ್ತು ಡೆನ್ಮಾರ್ಕಿನ ಸಂಶೋಧಕರು ಒಂದೇ ಸಿಲಿಕಾನ್ ಚಿಪ್ಪಿನಲ್ಲಿ 550ಕ್ಕೂ ಹೆಚ್ಚು ಘಟಕಗಳನ್ನು ಜೋಡಿಸಿದರು. ಅದರಲ್ಲಿ 16 ಫೋಟಾನ್ ಮೂಲಗಳಿದ್ದವು. 2025ರಲ್ಲಿ ಸೈಕ್ವಾಂಟಂ ಸಂಸ್ಥೆ, ಸಾಮಾನ್ಯ ಚಿಪ್ಪುಗಳನ್ನು ತಯಾರಿಸುವ ಕಾರ್ಖಾನೆಯಲ್ಲಿಯೇ 300 ಮಿಲಿಮೀಟರ್ ವ್ಯಾಸದ ವೇಫರುಗಳ ಮೇಲೆ ಮಾಡಿದ ಘಟಕಗಳ ಫಲಿತಾಂಶ ಪ್ರಕಟಿಸಿತು. ಬೇರೆ ಬೇರೆ ಮೂಲಗಳಿಂದ ಬಂದ ಫೋಟಾನುಗಳು ಮೇಲೆ ಹೇಳಿದಂತೆ ಜೊತೆಗೂಡುವುದರಲ್ಲಿ ಶೇ. 99.5ರ ಮಟ್ಟ ಮುಟ್ಟಿದ್ದವು. ಸಿಲಿಕಾನನ್ನು ಆರಿಸಿಕೊಂಡುದರ ಅಸಲು ಲಾಭ ಇದೇ. ಅದು ಬೆಳಕಿಗೆ ಅತ್ಯುತ್ತಮ ವಸ್ತುವಲ್ಲ. ಆದರೆ ಅದನ್ನು ಕೊರೆಯಬಲ್ಲ ಕಾರ್ಖಾನೆಗಳೂ ಕುಶಲತೆಯೂ ಆಗಲೇ ಸಿದ್ಧವಾಗಿವೆ.

ಕಳೆದುಹೋಗುವ ಬೆಳಕಿನ ಲೆಕ್ಕ

ಕಾಲುವೆಯ ಗೋಡೆಗಳು ಎಷ್ಟು ನುಣುಪಾಗಿದ್ದರೂ ಕೆಲವು ನ್ಯಾನೊಮೀಟರಿನ ಒರಟುತನ ಉಳಿಯುತ್ತದೆ. ಅಲ್ಲಿ ಬೆಳಕು ಚದರಿ ಹೊರಬೀಳುತ್ತದೆ. ಸಾಮಾನ್ಯ ಸಿಲಿಕಾನ್ ಕಾಲುವೆಯಲ್ಲಿ ಪ್ರತಿ ಸೆಂಟಿಮೀಟರಿಗೆ ಸುಮಾರು 2 ಡೆಸಿಬೆಲ್ ನಷ್ಟವಾಗುತ್ತದೆ. ಅಂದರೆ ಒಂದು ಸೆಂಟಿಮೀಟರ್ ಸಾಗಿದ ಬಳಿಕ ಒಂದು ಫೋಟಾನ್ ಉಳಿದಿರುವ ಸಂಭವನೀಯತೆ 0.63. ಇದು ಅಷ್ಟೇನೂ ಕೆಟ್ಟದೆನಿಸುವುದಿಲ್ಲ. ಆದರೆ ಲೆಕ್ಕಕ್ಕೆ ಹತ್ತು ಫೋಟಾನುಗಳು ಬೇಕಿದ್ದು, ಹತ್ತೂ ಉಳಿಯಬೇಕಾದರೆ 0.63ನ್ನು ಹತ್ತು ಸಲ ಗುಣಿಸಬೇಕು. ಉತ್ತರ ಸುಮಾರು 0.01. ನೂರು ಪ್ರಯತ್ನಗಳಲ್ಲಿ ಒಂದೇ ಸಫಲ. ಇಪ್ಪತ್ತು ಫೋಟಾನುಗಳಿಗೆ ಹತ್ತು ಸಾವಿರದಲ್ಲಿ ಒಂದು. ಮೂಲ, ಸ್ವಿಚ್, ಪತ್ತೆಕಾರಕಗಳ ನಷ್ಟವನ್ನು ಇದರಲ್ಲಿ ಇನ್ನೂ ಸೇರಿಸಿಲ್ಲ.

ದೂರವಾಣಿಯ ಜಾಲದಲ್ಲಿಯೂ ಬೆಳಕು ಕ್ಷೀಣಿಸುತ್ತದೆ. ಅಲ್ಲಿ ನಡುವೆ ವರ್ಧಕಗಳನ್ನು ಇಟ್ಟು ಬಲಪಡಿಸುತ್ತಾರೆ. ಇಲ್ಲಿ ಆ ಉಪಾಯ ನಡೆಯದು. ತಿಳಿಯದ ಕ್ವಾಂಟಂ ಸ್ಥಿತಿಯೊಂದರ ತದ್ರೂಪು ಪ್ರತಿ ಮಾಡುವುದು ಅಸಾಧ್ಯವೆಂದು 1982ರಲ್ಲಿ ವೂಟರ್ಸ್ ಮತ್ತು ಜುರೆಕ್ ಸಾಧಿಸಿದರು. ಆದುದರಿಂದ ಸಂಶೋಧಕರು ನಷ್ಟ ಕಡಿಮೆಯಿರುವ ಸಿಲಿಕಾನ್ ನೈಟ್ರೈಡ್ ಕಾಲುವೆಗಳತ್ತ ತಿರುಗಿದ್ದಾರೆ. ಪತ್ತೆಕಾರಕಗಳಿಗೆ ಅತಿವಾಹಕ ನ್ಯಾನೊತಂತಿಗಳನ್ನು ಬಳಸುತ್ತಾರೆ. ಅವು ಕೆಲಸ ಮಾಡಲು ಕೆಲವೇ ಕೆಲ್ವಿನ್‌ನಷ್ಟು ತಣ್ಣಗಿರಬೇಕು. ಅಷ್ಟು ಚಳಿಯಲ್ಲಿ ತಾಪಕದ ಉಪಾಯ ಫಲಿಸದು, ಏಕೆಂದರೆ ಅಲ್ಲಿ ಸಿಲಿಕಾನಿನ ಸೂಚ್ಯಂಕ ಉಷ್ಣತೆಗೆ ಬಹುಮಟ್ಟಿಗೆ ಬದಲಾಗುವುದೇ ಇಲ್ಲ. ಒಂದು ತೊಡಕು ಬಿಡಿಸಿದರೆ ಇನ್ನೊಂದು ಎದುರಾಗುವ ಸ್ಥಿತಿ ಇದು. ಸ್ವಿಚ್ಚುಗಳಿಗಾಗಿ ಬೇರಿಯಂ ಟೈಟನೇಟಿನಂತಹ ಬೇರೆ ವಸ್ತುಗಳನ್ನು ಚಿಪ್ಪಿಗೆ ಸೇರಿಸುತ್ತಿರುವುದು ಈ ಕಾರಣದಿಂದ.

ಬೆಂಗಳೂರಿನಲ್ಲಿ ಮಂಡಿತವಾದ ಉಪಾಯ

ಈ ನಷ್ಟವನ್ನು ಸಹಿಸಬಲ್ಲ ಒಂದು ಬಳಕೆಯುಂಟು. 1984ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನದ ನಡಾವಳಿಯಲ್ಲಿ ಚಾರ್ಲ್ಸ್ ಬೆನೆಟ್ ಮತ್ತು ಜಿಲ್ ಬ್ರಾಸಾರ್ ಅವರ ಪ್ರಬಂಧವೊಂದು ಪ್ರಕಟವಾಯಿತು. ಒಂಟಿ ಫೋಟಾನುಗಳ ಮೂಲಕ ಇಬ್ಬರು ಗುಪ್ತ ಕೀಲಿಯೊಂದನ್ನು ಹಂಚಿಕೊಳ್ಳುವ ಬಗೆಯನ್ನು ಅದು ವಿವರಿಸಿತು. ನಡುವೆ ಯಾರಾದರೂ ಕದ್ದು ನೋಡಿದರೆ ಪ್ರತಿ ತೆಗೆಯಲಾಗದು, ಅಳೆದರೆ ಸ್ಥಿತಿ ಕೆಡುತ್ತದೆ. ಆ ಕೆಡುಕು ಇಬ್ಬರಿಗೂ ತಿಳಿಯುತ್ತದೆ. ಲೋಕವೆಲ್ಲ ಬಿಬಿ84 ಎಂದು ಕರೆಯುವ ಈ ಕ್ರಮ ಕನ್ನಡನಾಡಿನ ರಾಜಧಾನಿಯ ಸಮ್ಮೇಳನದ ಹೊತ್ತಗೆಯಿಂದ ಹೊರಬಂದದ್ದೆಂಬುದು ಕನ್ನಡದ ಮಕ್ಕಳಿಗೆ ಹೇಳಬೇಕಾದ ಸಂಗತಿ.

ಇಲ್ಲಿ ಕಳೆದುಹೋದ ಫೋಟಾನನ್ನು ಇಬ್ಬರೂ ಎಣಿಕೆಯಿಂದ ಬಿಟ್ಟುಬಿಡುತ್ತಾರೆ. 100 ಕಿಲೋಮೀಟರ್ ಫೈಬರಿನಲ್ಲಿ ಕಿಲೋಮೀಟರಿಗೆ 0.2 ಡೆಸಿಬೆಲ್‌ನಂತೆ 20 ಡೆಸಿಬೆಲ್ ನಷ್ಟವಾಗಿ ನೂರರಲ್ಲಿ ಒಂದು ಫೋಟಾನ್ ಮಾತ್ರ ತಲುಪಿದರೂ, ತಲುಪಿದವುಗಳಿಂದಲೇ ಕೀಲಿ ರೂಪುಗೊಳ್ಳುತ್ತದೆ. ಕೀಲಿ ಬೆಳೆಯುವ ವೇಗ ಮಾತ್ರ ಕುಗ್ಗುತ್ತದೆ. ಹಿಂದಿನ ಲೆಕ್ಕದಲ್ಲಿ ಬಂದ ನೂರರಲ್ಲೊಂದು ಗಣನೆಯನ್ನೇ ಹಾಳುಮಾಡಿತ್ತು, ಇಲ್ಲಿಯ ನೂರರಲ್ಲೊಂದು ಸಂದೇಶವನ್ನು ಕೆಡಿಸದು. ಸಿಲಿಕಾನ್ ಚಿಪ್ಪುಗಳು ಗಣನೆಗಿಂತ ಮೊದಲು ಸಂವಹನದಲ್ಲಿ ನೆಲೆಗೊಳ್ಳುವುದು ಸಹಜವೆನಿಸಲು ಇದೇ ಕಾರಣ. 2017ರಲ್ಲಿಯೇ ಬ್ರಿಸ್ಟಲ್ ತಂಡ ಇಂತಹ ಕೀಲಿಯನ್ನು ಸಿಲಿಕಾನ್ ಚಿಪ್ಪಿನಿಂದ ಕಳುಹಿಸಿ ತೋರಿಸಿತ್ತು.

ಇದರ ಅಗತ್ಯವೇನೆಂದರೆ, ಇಂದು ಬ್ಯಾಂಕು ಮತ್ತು ಸಂದೇಶಗಳ ಗೋಪ್ಯತೆಯ ಒಂದು ಭಾಗ, ಬಹು ದೊಡ್ಡ ಸಂಖ್ಯೆಗಳ ಅಪವರ್ತನಗಳನ್ನು ಕಂಡುಹಿಡಿಯುವುದು ಕಷ್ಟವೆಂಬುದರ ಮೇಲೆ ನಿಂತಿದೆ. ದೊಡ್ಡ ಕ್ವಾಂಟಂ ಕಂಪ್ಯೂಟರ್ ಅದನ್ನು ಬೇಗ ಮಾಡಬಲ್ಲದೆಂದು 1994ರಲ್ಲಿ ಪೀಟರ್ ಶೋರ್ ತೋರಿಸಿದರು. ಅಂತಹ ಯಂತ್ರ ಇನ್ನೂ ಇಲ್ಲ. ಆದರೂ ಇಂದು ಕದ್ದು ಕೂಡಿಟ್ಟ ಗುಪ್ತಸಂದೇಶವನ್ನು ಮುಂದೊಮ್ಮೆ ತೆರೆಯುವ ಅಪಾಯವಿದೆ. ಫೋಟಾನ್ ಕೀಲಿಯೊಂದೇ ಇದಕ್ಕೆ ಮದ್ದೆಂದು ಮಕ್ಕಳಿಗೆ ಹೇಳಬಾರದು. 2024ರಲ್ಲಿ ಅಮೆರಿಕದ ಮಾನಕ ಸಂಸ್ಥೆ ಸಾಮಾನ್ಯ ಕಂಪ್ಯೂಟರುಗಳಲ್ಲಿಯೇ ನಡೆಯುವ ಹೊಸ ಗಣಿತದ ಗೂಢಲಿಪಿ ಕ್ರಮಗಳನ್ನೂ ಪ್ರಕಟಿಸಿದೆ. ಭಾರತ ಸರ್ಕಾರ 2023ರ ಏಪ್ರಿಲಿನಲ್ಲಿ 6003.65 ಕೋಟಿ ರೂಪಾಯಿಗಳ ರಾಷ್ಟ್ರೀಯ ಕ್ವಾಂಟಂ ಅಭಿಯಾನಕ್ಕೆ ಒಪ್ಪಿಗೆ ನೀಡಿತು. ಅದರ ನಾಲ್ಕು ಕೇಂದ್ರಗಳಲ್ಲಿ ಗಣನೆಯದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಸಂವಹನದ್ದು ಮದ್ರಾಸ್ ಐಐಟಿಯಲ್ಲಿ, ಸಂವೇದನೆ ಹಾಗೂ ಮಾಪನದ್ದು ಮುಂಬಯಿ ಐಐಟಿಯಲ್ಲಿ, ವಸ್ತು ಹಾಗೂ ಸಾಧನಗಳದ್ದು ದೆಹಲಿ ಐಐಟಿಯಲ್ಲಿ ಇದೆ. ಹೊಸೂರು, ತಾಳವಾಡಿ, ಜತ್ತ, ಅಕ್ಕಲಕೋಟೆಗಳ ವಿದ್ಯಾರ್ಥಿಗಳಿಗೆ ಅವರದೇ ರಾಜ್ಯದಲ್ಲಿ ಒಂದು ಕೇಂದ್ರವಿದೆಯೆಂದು ತಿಳಿಸಬಹುದು.

ತರಗತಿಯಲ್ಲಿ ತೋರಿಸಲು ಕೊಲಾಡನ್ನನ ಪ್ರಯೋಗವೇ ಸಾಕು. ಪಾರದರ್ಶಕ ಬಾಟಲಿಯ ಕೆಳಭಾಗದಲ್ಲಿ ಸಣ್ಣ ತೂತು ಮಾಡಿ ನೀರು ತುಂಬಬೇಕು. ಕೋಣೆಯನ್ನು ಕತ್ತಲೆ ಮಾಡಿ, ತೂತಿನ ಎದುರು ಬದಿಯಿಂದ ಲೇಸರ್ ಪಾಯಿಂಟರನ್ನು ತೂತಿಗೆ ಹಿಡಿದರೆ ಬೆಳಕು ಬಾಗಿದ ಧಾರೆಯೊಡನೆ ಬಾಗುತ್ತ ಇಳಿಯುತ್ತದೆ. ಪಾಯಿಂಟರನ್ನು ಶಿಕ್ಷಕರೇ ಹಿಡಿಯಬೇಕು. ಬೆಳಕು ಯಾರ ಕಣ್ಣಿಗೂ ನೇರ ಬೀಳಬಾರದು. ಧಾರೆ ಹೊಳೆಯುವುದನ್ನು ಮಕ್ಕಳು ಮೆಚ್ಚಿಕೊಂಡು ನೋಡುತ್ತಿರುವಾಗ, ಬೆಳಕು ಪೂರ್ತಿ ಒಳಗೇ ಉಳಿದಿದ್ದರೆ ಪಕ್ಕದಲ್ಲಿ ನಿಂತವರಿಗೆ ಧಾರೆ ಹೊಳೆಯುವುದು ಹೇಗೆ ಕಾಣುತ್ತಿತ್ತು ಎಂದು ಕೇಳಬೇಕು. ಕಾಣುತ್ತಿರುವುದು ಸೋರಿಹೋದ ಬೆಳಕೆಂದು ಅವರೇ ಕಂಡುಕೊಂಡ ಮೇಲೆ 0.63ನ್ನು ಹತ್ತು ಸಲ ಗುಣಿಸುವ ಲೆಕ್ಕವನ್ನು ಕೊಡಬಹುದು.